ಅರ್ಧ ಪಾಲಿನ ಬಿ.ಎ.

ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದು ನಮ್ಮಮ್ಮ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ಇಷ್ಟು ವರ್ಷ ಪಾಲಿಸಿದ್ದಾಯಿತು. ಈಗ ಹೇಳುತ್ತೇನೆ, ಯಾರು ಏನು ಬೇಕಾದರೂ ಅಂದುಕೊಳ್ಳಲಿ: ಮುನಿರಾಮಪ್ಪ. ಯಲ್ದೂರಿನ ಗಂಗುಲಪ್ಪನವರ ಮಗ ಮುನಿರಾಮಪ್ಪ. ಊರವರ ಬಾಯಲ್ಲಿ ‘ಬಿ.ಎ. ಫೇಲು ಮೇಷ್ಟ್ರು’. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಫೇಲಾದದ್ದು ನಿಜ, ಇಲ್ಲ ಅನ್ನುವುದಿಲ್ಲ. ಆದರೆ ಹೇಗೆ ಫೇಲಾದರು, ಯಾರಿಂದ ಫೇಲಾದರು ಎಂದು ಕೇಳುವಷ್ಟು ತಾಳ್ಮೆ ಯಾರಿಗೂ ಇಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಮುಚ್ಚಿಡುವುದೇನು ಬಂತು. ಅವರನ್ನು ನಂಬಿಸಿ ಕತ್ತು ಕೊಯ್ದವನು ಬೇರೆ ಯಾರೂ ಅಲ್ಲ, ನನ್ನ ಒಡಹುಟ್ಟಿದ ಅಣ್ಣ ಕೋದಂಡರಾಮಪ್ಪ.

ನಮ್ಮ ಮನೆ ಶ್ರೀನಿವಾಸಪುರದಲ್ಲಿತ್ತು. ನಮ್ಮಪ್ಪ ವೆಂಕಟರಾಯಪ್ಪನವರಿಗೆ ಒಂದು ಮಾವಿನ ತೋಪು, ಯಲ್ದೂರಿನ ಕಡೆ ಒಂದಷ್ಟು ರಾಗಿ ಹೊಲ. ತೋಪನ್ನು ಅಪ್ಪ ತಾವೇ ನೋಡಿಕೊಳ್ಳುತ್ತಿದ್ದರು. ಹೊಲವನ್ನು ಗಂಗುಲಪ್ಪನವರಿಗೆ ವಾರಕ್ಕೆ ಕೊಟ್ಟಿದ್ದರು. ವಾರಕ್ಕೆ ಅಂದರೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಭೂಮಿ ನಮ್ಮದು, ದುಡಿಮೆ ಅವರದು, ಬಂದ ಬೆಳೆಯಲ್ಲಿ ಅರ್ಧ ಅರ್ಧ. ಕಣದಲ್ಲಿ ರಾಶಿ ಹಾಕಿ, ಇಬ್ಬರೂ ಎದುರಿಗೆ ನಿಂತು ಅಳೆದು ಹಂಚಿಕೊಳ್ಳುವವರೆಗೆ ಯಾರೂ ಒಂದು ಹಿಡಿ ಮುಟ್ಟುವಂತಿಲ್ಲ. ಗಂಗುಲಪ್ಪನವರು ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಅಂದರೆ, ಬಸುರಿ ಹಿರಿಸೊಸೆ ಆಸೆಪಟ್ಟಳೆಂದು ಹೆಂಡತಿ ಹೊಲದಲ್ಲಿ ನಾಲ್ಕು ಎಳೆ ತೆನೆ ಮುರಿದದ್ದಕ್ಕೆ ಅವತ್ತು ಮನೆಯಲ್ಲಿ ಊಟ ಮಾಡಲಿಲ್ಲವಂತೆ. ನಮ್ಮಪ್ಪ ಕಾವಲಿಗೆ ಆಳು ಕಳಿಸುತ್ತಲೇ ಇರಲಿಲ್ಲ.

ಜಾತಿ ಒಂದೇ, ದೂರದ ನೆಂಟಸ್ತನವೂ ಇತ್ತು. ಹಾಗಾಗಿ ಗಂಗುಲಪ್ಪನವರ ಮಗ ನಮ್ಮ ಮನೆಯಲ್ಲಿದ್ದುಕೊಂಡೇ ಅಣ್ಣನ ಜೊತೆ ಓದಿದರು. ಆಮೇಲೆ ಇಬ್ಬರೂ ಜೊತೆಯಲ್ಲೇ ಹಾಸ್ಟೆಲಿನಲ್ಲಿದ್ದು ಕೋಲಾರದಲ್ಲಿ ಹೈಸ್ಕೂಲು, ಬೆಂಗಳೂರಿನಲ್ಲಿ ಇಂಟರ್‌ಮೀಡಿಯಟ್. ಇವರು ಒಂದೇ ಸಲಕ್ಕೆ ಪಾಸು. ಅಣ್ಣ ಎರಡನೇ ಸಲ ಕಟ್ಟಿ, ಅಂತೂ ಇಂತೂ ದಡ ಸೇರಿದ. “ಸಾಕು ನಾಯನಾ ನಿನ್ನ ಓದು” ಎಂದು ಅಪ್ಪ ಕೈ ಮುಗಿದುಬಿಟ್ಟರು. ಇಬ್ಬರೂ ಮೇಷ್ಟ್ರುಗಳಾದರು. ಇವರಿಗೆ ಯಲ್ದೂರಿನ ಶಾಲೆ, ಅಣ್ಣನಿಗೆ ನಮ್ಮೂರಿನದೇ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೇಷ್ಟ್ರುಗಳಾದವರು ಕಾಲೇಜಿಗೆ ಹೋಗದೆಯೇ ಬಿ.ಎ. ಪರೀಕ್ಷೆಗೆ ಕೂರಲು ಇಲಾಖೆ ಅನುಮತಿ ಕೊಡುತ್ತದೆ ಎಂದು ತಿಳಿದ ದಿನದಿಂದ ಇವರಿಗೆ ಅದೇ ಧ್ಯಾನ. ಅದೂ ಅರ್ಥಶಾಸ್ತ್ರದಲ್ಲೇ ಆಗಬೇಕು. ಅದಕ್ಕೂ ಕಾರಣವಿತ್ತು. ಇವರು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ರಾಗಿ ಚೆನ್ನಾಗಿ ಬೆಳೆದು, ಸಂತೆಯಲ್ಲಿ ಕೇಳುವವರಿಲ್ಲದೆ ಗಾಡಿ ಸಮೇತ ವಾಪಸು ತಂದಿದ್ದರಂತೆ. “ಬೆಳೆ ಚೆನ್ನಾಗಿ ಆದ ವರ್ಷಾನೇ ನಮ್ಮಪ್ಪ ಯಾಕೆ ಅತ್ತ? ಅದನ್ನ ತಿಳ್ಕೋಬೇಕು ಅಷ್ಟೇ” ಎನ್ನುತ್ತಿದ್ದರು. ಬಿ.ಎ. ಆದರೆ ಹೈಸ್ಕೂಲಿಗೆ ಮೇಷ್ಟ್ರಾಗಬಹುದು, ಅಲ್ಲಿನ ಹುಡುಗರಿಗೆ ಇದನ್ನೆಲ್ಲ ಹೇಳಬಹುದು ಎಂಬುದು ಅವರ ಆಸೆ. ನಾನು ಕಂಡಂತೆ ಅವರು ಜೀವನದಲ್ಲಿ ತಮಗಾಗಿ ಬಯಸಿದ್ದು ಇದೊಂದನ್ನೇ.

ಮೂವತ್ತೆಂಟನೇ ಇಸವಿಯ ಜ್ಯೇಷ್ಠದಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಓದಿನ ಯೋಜನೆ ಆಯಿತು. ನಾನು ಬಾಗಿಲ ಒಳಗೆ ಅಕ್ಕಿ ಆರಿಸುತ್ತ ಕೂತಿದ್ದೆ. ಮೈಸೂರಿನಿಂದ ತರಿಸಿದ ಪಠ್ಯಕ್ರಮದ ಪುಸ್ತಕ ನಡುವೆ ಇಟ್ಟುಕೊಂಡು ಇಬ್ಬರೂ ತಲೆ ಕೆಡಿಸಿಕೊಂಡಿದ್ದರು. ವಿಷಯಗಳು ರಾಶಿ, ಪುಸ್ತಕಗಳು ದಪ್ಪ, ಹಗಲೆಲ್ಲ ಶಾಲೆ. ಒಬ್ಬನಿಂದ ಆಗದ ಮಾತು.

“ವಾರಕ್ಕೆ ಹಾಕ್ಕೊಳ್ಳೋಣ ಕಣೋ” ಎಂದರು ಇವರು.

ಅಣ್ಣ ಗೊಳ್ಳೆಂದು ನಕ್ಕ. “ಏನ್ಲಾ, ಬಿ.ಎ.ನೂ ವಾರಕ್ಕಾ?”

“ನಗಬೇಡ್ವೋ, ಕೇಳು. ಅರ್ಧ ನಾನು ಓದ್ತೀನಿ, ಅರ್ಧ ನೀನು. ಅವರವರ ಭಾಗಾನ ಮೊದಲನೇ ವರ್ಷ ಚೆನ್ನಾಗಿ ಅರೆದು ಕುಡಿಯೋಣ. ಎರಡನೇ ವರ್ಷ ಒಬ್ಬರಿಗೊಬ್ಬರು ಪಾಠ ಹೇಳ್ಕೊಳ್ಳೋದು. ಪುಸ್ತಕಾನೂ ಅರ್ಧರ್ಧ ತರಿಸಿದ್ರೆ ಆಯ್ತು.”

ಇವರು ಕೂತು ಎಲ್ಲವನ್ನೂ ಹೊಂದಿಸಿದರು. ಅರ್ಥಶಾಸ್ತ್ರದ ಮೂಲತತ್ವಗಳು ಮೊದಲು. ಬೆಲೆ ಅಂದರೇನು ಎಂದು ತಿಳಿಯದೆ ನಾಣ್ಯ, ಬ್ಯಾಂಕಿಗೆ ಕೈ ಹಾಕಬಾರದು. ಇಂಗ್ಲೆಂಡಿನ ಆರ್ಥಿಕ ಚರಿತ್ರೆ ಕಥೆ ಇದ್ದ ಹಾಗೆ, ಅದನ್ನು ರಾಗಿ ಕಳೆ ಕೀಳುವ ಕಾಲಕ್ಕೆ ಇಟ್ಟುಕೊಳ್ಳುವುದು, ದಣಿದಿದ್ದರೂ ಓದಬಹುದು. ಈ ಮೂರೂ ಇವರ ಪಾಲು. ಭಾರತದ ಅರ್ಥವ್ಯವಸ್ಥೆ, ಸರ್ಕಾರದ ತೆರಿಗೆ-ಖರ್ಚಿನ ಶಾಸ್ತ್ರ, ಅಂಕಿಅಂಶ, ಇವು ಅಣ್ಣನ ಪಾಲು. ಕೊಯ್ಲಿನ ತಿಂಗಳು ಯಾರೂ ಪುಸ್ತಕ ಮುಟ್ಟುವಂತಿಲ್ಲ, ಯಾಕೆಂದರೆ ಇವರು ತಮ್ಮ ಅಪ್ಪನ ಜೊತೆ ಹೊಲದಲ್ಲಿರಬೇಕು. ಪರೀಕ್ಷೆ ನಲವತ್ತನೇ ಇಸವಿಯ ಮಾರ್ಚ್‌ನಲ್ಲಿ. ಮೂವತ್ತೊಂಬತ್ತರ ಯುಗಾದಿಯಿಂದ ದಸರೆಯವರೆಗೆ ಇವರು ಅಣ್ಣನಿಗೆ ಪಾಠ ಹೇಳುವುದು, ದಸರೆಯಿಂದ ಪರೀಕ್ಷೆಯವರೆಗೆ ಅಣ್ಣ ಇವರಿಗೆ.

“ನಿಂದು ಮೊದ್ಲು ಆಗ್ಲಿ. ನನ್ನ ಭಾಗ ಸ್ವಲ್ಪ ಗಟ್ಟಿ, ಟೈಮ್ ಬೇಕು” ಎಂದು ಅಣ್ಣನೇ ಹೇಳಿದ್ದು. ಇವರು ಆಗಲಿ ಎಂದರು.

ಇನ್ನೊಂದು ಕರಾರೂ ಆಯಿತು, ಅದನ್ನು ಹಾಕಿದವರು ಇವರೇ. ಒಬ್ಬರ ಪಾಲಿನ ಪುಸ್ತಕವನ್ನು ಇನ್ನೊಬ್ಬರು ತೆರೆಯಬಾರದು. ಅರ್ಧಂಬರ್ಧ ಎರಡೂ ಕಡೆ ಕೈಯಾಡಿಸಿದರೆ ಎರಡೂ ಕೆಡುತ್ತವೆ ಎಂಬುದು ಹೇಳಿದ ಕಾರಣ. ನಿಜವಾದ ಕಾರಣ ಅವರು ಗಂಗುಲಪ್ಪನವರ ಮಗ ಎಂಬುದು. ರಾಶಿಗೆ ಮುಂಚೆ ಮುಟ್ಟಬಾರದು ಎಂಬುದು ಅವರ ರಕ್ತದಲ್ಲೇ ಇತ್ತು.

ಇವರು ಪಾಠ ಹೇಳಿದ ಆ ಭಾನುವಾರಗಳನ್ನು ನಾನು ಮರೆಯುವಂತಿಲ್ಲ. ಯಲ್ದೂರಿನಿಂದ ಬೆಳಿಗ್ಗೆಯೇ ನಡೆದು ಬರುವರು. ನಾನು ಮಜ್ಜಿಗೆ ಕೊಟ್ಟು ಬಾಗಿಲ ಒಳಗೆ ಕೂರುವೆ. ನಾನು ಓದಿದ್ದು ಲೋಯರ್ ಸೆಕೆಂಡರಿ, ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ ನನಗೆ ಅರ್ಥವಾಗುತ್ತಿತ್ತು. ಒಮ್ಮೆ ಬೆಲೆಯ ಪಾಠಕ್ಕೆಂದು ಅಣ್ಣನನ್ನು ರಹಮತ್ತುಲ್ಲಾ ಸಾಹೇಬರ ಮಾವಿನ ಮಂಡಿಗೇ ಕರೆದುಕೊಂಡು ಹೋದರು. ಮಳೆ ಬಂದು ಕಾಯಿ ಉದುರಿದ ವಾರ ಹರಾಜು ಹೇಗೆ ಏರುತ್ತದೆ, ಎಲ್ಲರ ಗಾಡಿಯೂ ಒಟ್ಟಿಗೆ ಬಂದ ದಿನ ಹೇಗೆ ಇಳಿಯುತ್ತದೆ ಎಂದು ತೋರಿಸಿದರು. “ಕ್ಯಾ ಮೇಷ್ಟ್ರೇ, ನಮ್ಮ ಮಲ್ಗೋಬಾ ರೇಟ್ಗೂ ವಿಲಾಯತ್‌ನಲ್ಲಿ ಕಿತಾಬು ಬರ್ದವ್ರಾ? ಹಂಗಾದ್ರೆ ನಾಳೆ ಏನ್ ರೇಟು, ಅದ್ನೂ ನೋಡಿ ಹೇಳ್ಬಿಡಿ ಮತ್ತೆ!” ಎಂದು ಸಾಹೇಬರು ಗೇಲಿ ಮಾಡಿದರಂತೆ. ಬಂದು ಹೇಳಿಕೊಂಡು ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಣ್ಣ ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದ, ಅದನ್ನು ಇಲ್ಲವೆನ್ನಲಾರೆ. ಪ್ರಶ್ನೆ ಕೇಳುತ್ತಿದ್ದ, ಬರೆದುಕೊಳ್ಳುತ್ತಿದ್ದ. “ನೀನು ಹೇಳಿದ್ರೆ ಸಾಕು ಕಣೋ ಮುನಿ, ಪುಸ್ತಕಾನೇ ಬೇಡ” ಎನ್ನುತ್ತಿದ್ದ.

ಅದೇ ಬೇಸಿಗೆಯಲ್ಲಿ ನನ್ನ ಮದುವೆಯ ಮಾತು ಬಂತು. ಇಬ್ಬರೂ ಬಿ.ಎ. ಆಗುವವರು, ಹುಡುಗ ಕಣ್ಣೆದುರಿಗೇ ಬೆಳೆದವನು ಎಂದು ಅಪ್ಪ ಒಪ್ಪಿದರು. ವಾರಕ್ಕೆ ಮಾಡುವವರ ಮನೆಗೆ ಹೆಣ್ಣು ಕೊಡುವುದೇ ಎಂದು ದೊಡ್ಡಪ್ಪ ಮೂಗು ಮುರಿದರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಮದುವೆ ಪರೀಕ್ಷೆಯ ನಂತರ ಎಂದು ತಾಂಬೂಲ ಬದಲಾಯಿಸಿಕೊಂಡರು.

ದಸರೆ ಬಂತು. ಅಣ್ಣನ ಸರದಿ. ಮೊದಲ ಎರಡು ಭಾನುವಾರ ಭಾರತದ ಅರ್ಥವ್ಯವಸ್ಥೆಯ ಬಗ್ಗೆ ಭರ್ಜರಿಯಾಗಿ ಹೇಳಿದ. ಈ ದೇಶದ ಹಳ್ಳಿಗಳು, ರೈತ, ಬಡತನ, ಎಲ್ಲ ದೊಡ್ಡ ದೊಡ್ಡ ಮಾತು. ಇವರು ಕಣ್ಣರಳಿಸಿ ಕೇಳಿದರು. “ಭಾಷಣಕಾರ ಆಗ್ಬಿಟ್ಟಿದ್ದೀಯಲ್ಲೋ” ಎಂದು ಬೆನ್ನು ತಟ್ಟಿದರು. ಮೂರನೇ ಭಾನುವಾರದ ಹೊತ್ತಿಗೆ ಕೋಲಾರದ ಒಂದು ಹೈಸ್ಕೂಲಿನಲ್ಲಿ ಬಿ.ಎ. ಆದ ಮೇಷ್ಟ್ರ ಜಾಗ ಖಾಲಿಯಾಗುತ್ತದೆ, ಬರುವ ಜೂನ್‌ನಲ್ಲಿ ತುಂಬುತ್ತಾರೆ ಎಂದು ಸುದ್ದಿ ಬಂತು. ಜಾಗ ಒಂದೇ.

ಅಲ್ಲಿಂದ ಶುರುವಾಯಿತು ನಮ್ಮಣ್ಣನ ನಾಟಕ. ಒಂದು ಭಾನುವಾರ ಗಂಟಲು ಕಟ್ಟಿದೆ. ಇನ್ನೊಂದು ಭಾನುವಾರ ಇನ್‌ಸ್ಪೆಕ್ಟರು ಬರುತ್ತಾರೆ, ಶಾಲೆಯ ಕೆಲಸ. ಮತ್ತೊಂದು ಭಾನುವಾರ ಮುಳಬಾಗಿಲಲ್ಲಿ ನೆಂಟರ ಮನೆಯ ಗೃಹಪ್ರವೇಶ. ಇವರು ಪ್ರತಿ ವಾರವೂ ಬರುವರು, ಜಗಲಿಯ ಮೇಲೆ ಕಾದು ಕೂರುವರು, ಮಜ್ಜಿಗೆ ಕುಡಿದು ಹಿಂತಿರುಗುವರು. “ಹುಷಾರಾಗ್ಲಿ ಪಾಪ, ಅವಸರ ಇಲ್ಲ ಅಂತ ಹೇಳಿ” ಎಂದು ನಮ್ಮಮ್ಮನಿಗೆ ಹೇಳಿ ಹೋಗುವರು. ಸಂಕ್ರಾಂತಿ ಕಳೆಯಿತು. ನನಗೆ ತಡೆಯಲಾಗಲಿಲ್ಲ.

ಅವತ್ತು ಅಣ್ಣ ಮನೆಯಲ್ಲಿರಲಿಲ್ಲ. ಇವರು ವಾಪಸು ಹೊರಟಾಗ ನಾನು ತೋಪಿಗೆ ಬುತ್ತಿ ಕೊಡುವ ನೆವ ಮಾಡಿಕೊಂಡು ಹಿಂದೆಯೇ ಹೋದೆ. ಮಾವಿನ ಮರಗಳೆಲ್ಲ ಹೂ ಬಿಟ್ಟಿದ್ದವು. ತಾಂಬೂಲವಾದ ಮೇಲೆ ನಾವಿಬ್ಬರೇ ಮಾತಾಡಿದ್ದು ಅದೇ ಮೊದಲು.

“ಅಣ್ಣನ ಪುಸ್ತಕ ಎಲ್ಲಾ ಅಟ್ಟದ ಮೇಲಿದಾವೆ. ತಂದು ಕೊಡ್ಲಾ? ನೀವೇ ಓದ್ಕೊಳ್ಳಿ” ಎಂದೆ.

ಅವರ ಮುಖ ಕೆಂಪಗಾಯಿತು. “ಛೆ ಛೆ, ಏನ್ ಮಾತು ಶಾಮಲಾ! ಅದು ಅವನ ಪಾಲು. ಅವನು ಹೇಳ್ತೀನಿ ಅಂದ್ಮೇಲೆ ಹೇಳ್ತಾನೆ.”

“ಹೇಳ್ದೆ ಇದ್ರೆ?”

“ಹೇಳ್ತಾನೆ. ನಾನು ಕದ್ದು ಓದಿದ್ದು ಅವನಿಗೆ ಗೊತ್ತಾದ್ರೆ ಏನಂದ್ಕೊಂಡಾನು?”

ನನಗೆ ಅಳಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಹೊಲದ ನಿಯಮವನ್ನು ತಂದು ಪುಸ್ತಕಕ್ಕೆ ಹಾಕಿಕೊಂಡು ಕೂತವರಿಗೆ ಏನು ಹೇಳುವುದು? ಬೇರೆ ಯಾರ ಮಗನಾದರೂ ಅಷ್ಟು ಹೊತ್ತಿಗೆ ಅಟ್ಟ ಹತ್ತಿರುತ್ತಿದ್ದ.

ಮಾಘ ಮುಗಿಯುವ ಮುಂಚೆ ಅಣ್ಣ ಪುಸ್ತಕಗಳನ್ನೆಲ್ಲ ಟ್ರಂಕಿಗೆ ತುಂಬಿಕೊಂಡು ಮೈಸೂರಿಗೆ ಹೊರಟ. ಅಲ್ಲಿ ನಮ್ಮ ಚಿಕ್ಕಮ್ಮನ ಮನೆಯಿತ್ತು. “ನೀನು ಪರೀಕ್ಷೆಗೆ ಹದಿನೈದು ದಿನ ಮುಂಚೆ ಬಂದ್ಬಿಡೋ ಮುನಿ. ಅಲ್ಲಿ ಕೂತು ಹಗಲೂ ರಾತ್ರಿ ಹೇಳಿ ಮುಗಿಸ್ಬಿಡ್ತೀನಿ. ಇಲ್ಲಿ ಯಾರು ನೆಮ್ಮದಿಯಾಗಿ ಬಿಡ್ತಾರೆ?” ಎಂದ. ಇವರು ಆ ಮಾತನ್ನೂ ನಂಬಿದರು.

ಮೈಸೂರಿನಲ್ಲಿ ನಡೆದದ್ದನ್ನು ಇವರು ನನಗೆ ಮದುವೆಯಾದ ಮೇಲೆ, ಬಹಳ ಬಲವಂತ ಮಾಡಿದ ಮೇಲೆ, ಹೇಳಿದರು. ಚಿಕ್ಕಮ್ಮನ ಮನೆ ಹುಡುಕಿಕೊಂಡು ಹೋದರಂತೆ. ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತು “ಕೋದಂಡ ಮನೇಲಿಲ್ಲಪ್ಪ, ಯಾವಾಗ ಬರ್ತಾನೋ ಗೊತ್ತಿಲ್ಲ” ಎಂದಳಂತೆ. ಅಣ್ಣನ ಮೆಟ್ಟು ಅಲ್ಲೇ ಬಾಗಿಲ ಪಕ್ಕದಲ್ಲಿತ್ತು. ಇವರು ಆ ಮೆಟ್ಟನ್ನು ನೋಡಿದರು, ಚಿಕ್ಕಮ್ಮನೂ ಇವರು ನೋಡಿದ್ದನ್ನು ನೋಡಿದಳು. ಆದರೂ ಇವರು ಮೆಟ್ಟಿಲ ಮೇಲೆ ಸಂಜೆಯವರೆಗೆ ಕೂತರು. ಮರುದಿನವೂ ಹೋದರು, ಅದರ ಮರುದಿನವೂ ಹೋದರು. ಆಮೇಲೆ ಹಾಸ್ಟೆಲಿನ ಯಾರೋ ಹುಡುಗನ ಕಾಲು ಹಿಡಿದು ಪುಸ್ತಕ ಇಸಕೊಂಡು, ಉಳಿದ ದಿನಗಳಲ್ಲಿ ಮೂರು ವಿಷಯ ಮುಗಿಸಲು ಒದ್ದಾಡಿದರು. ಪರೀಕ್ಷೆಯ ಹಾಲಿನಲ್ಲಿ ಅಣ್ಣ ದೂರದ ಬೆಂಚಿನಲ್ಲಿದ್ದ. ತಲೆ ಎತ್ತಲಿಲ್ಲವಂತೆ.

ಫಲಿತಾಂಶ ಏನಾಯಿತೆಂದು ಹೇಳಬೇಕೆ? ಇವರು ತಮ್ಮ ಪಾಲಿನ ವಿಷಯಗಳಲ್ಲಿ ಚೆನ್ನಾಗಿ ಬರೆದಿದ್ದರು. ಅಣ್ಣನ ಪಾಲಿನವುಗಳಲ್ಲಿ ಫೇಲು. ಅಣ್ಣ ಪಾಸಾದ. ಅವನಿಗೆ ಒಳ್ಳೆಯ ನಂಬರು ಬಂದದ್ದು ಇವರು ಹೇಳಿಕೊಟ್ಟ ವಿಷಯಗಳಲ್ಲಿ. ಜೂನ್‌ನಲ್ಲಿ ಕೋಲಾರದ ಆ ಕೆಲಸವೂ ಅವನಿಗೇ ಆಯಿತು. ನಮ್ಮಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ನಾನು ಅಡುಗೆ ಮನೆಯಿಂದ ಆಚೆಗೆ ಬರಲಿಲ್ಲ.

ಮದುವೆ ನಿಲ್ಲಿಸಬೇಕೆಂದು ದೊಡ್ಡಪ್ಪ ಹಟ ಹಿಡಿದರು. ತಾಂಬೂಲವಾಗಿದೆ, ಮಾತು ತಪ್ಪಲಾರೆ ಎಂದರು ಅಪ್ಪ. ಮಾತು ತಪ್ಪದವರು ನಮ್ಮ ಮನೆಯಲ್ಲೂ ಒಬ್ಬರಿದ್ದರು ಎಂದು ಬರೆಯಲು ನನಗೆ ಸಂತೋಷ. ಧಾರೆಯ ದಿನ ಅಣ್ಣ ಬಂದ. ನಾನು ಮುಖ ತಿರುಗಿಸಿದೆ. ಇವರು ಮಾತ್ರ ಏನೂ ಆಗದವರ ಹಾಗೆ “ಬಾರೋ ಕೋದಂಡ” ಎಂದು ಪಕ್ಕದಲ್ಲಿ ಕೂರಿಸಿಕೊಂಡರು. 

ಆಮೇಲೆ ಊರಿಂದೂರಿಗೆ ವರ್ಗ. ವೇಮಗಲ್, ಅಲ್ಲಿಂದ ಮಾಲೂರು. ಮಕ್ಕಳಾದವು. ಗಂಗುಲಪ್ಪನವರು ತೀರಿಕೊಂಡರು. ಯುದ್ಧ ಜೋರಾಗಿ ಅಕ್ಕಿ, ಸೀಮೆಎಣ್ಣೆಗೆಲ್ಲ ರೇಷನ್ನು ಬಂತು, ಮೇಷ್ಟ್ರುಗಳನ್ನು ಆ ಕೆಲಸಕ್ಕೂ ಹಚ್ಚಿದರು. ಮತ್ತೆ ಪರೀಕ್ಷೆಗೆ ಕೂರಿ ಎಂದು ನಾನು ಪ್ರತಿ ವರ್ಷ ಪ್ರಾಣ ತಿಂದೆ. ಪುಸ್ತಕ ತರಿಸಿ, ಆ ಮೂರು ವಿಷಯ ನೀವೇ ಓದಿ, ನಿಮಗೇನು ಕಷ್ಟ ಎಂದೆ. ಒಂದೊಂದು ವರ್ಷ ಒಂದೊಂದು ನೆಪ ಹೇಳಿದರು. ಕೊನೆಗೆ ಒಂದು ದಿನ ಒಳಗಿದ್ದದ್ದು ಬಾಯಿಗೆ ಬಂತು.

“ಅದು ಅವನ ಪಾಲು ಶಾಮಲಾ. ಅವನಾಗೇ ಬಂದು ಹೇಳ್ತಾನೆ ಒಂದಿನ. ಅವನ ಮನಸ್ಸಲ್ಲೂ ಇರುತ್ತೆ.”

“ಮನಸ್ಸಾ? ಅವನಿಗಾ? ನಿಮ್ಮ ಕತ್ತು ಕೊಯ್ದ್ನಲ್ರೀ!”

“ಕೊಯ್ದ, ಇಲ್ಲ ಅನ್ನಲ್ಲ. ಒಂದೇ ಕೆಲಸ, ಇಬ್ರು ನಾವು. ಯಾರಿಗಾದ್ರೂ ಬುದ್ಧಿ ಕೆಡುತ್ತೆ. ನನಗೂ ಕೆಡ್ತಿತ್ತೇನೋ. ಆದ್ರೆ ಆ ಸುದ್ದಿ ಬರೋವರ್ಗೂ ಅವನು ನನ್ನ ಜೊತೆ ಸರಿಯಾಗೇ ಇದ್ದ. ಒಂದು ವರ್ಷ ಓದಿದ್ದ, ಎರಡು ವಾರ ಹೇಳಿದ್ದ. ಅದು ಸುಳ್ಳಲ್ಲವಲ್ಲ.”

ಅವರು ಈ ಒಂದು ಮಾತನ್ನು ಹಿಡಿದುಕೊಂಡು ಬದುಕಿದರು. ನಾನು ಬೈಯುವೆ, ಅವರು ಇದನ್ನೇ ಹೇಳುವರು. ನಾನು ತವರಿಗೆ ಹೋಗುವುದನ್ನೇ ಬಿಟ್ಟೆ, ಅಮ್ಮನನ್ನು ನೋಡಬೇಕೆನಿಸಿದಾಗ ಮಾಲೂರಿಗೇ ಕರೆಸಿಕೊಂಡೆ. ಅವರು ಮಾತ್ರ ಹಬ್ಬಕ್ಕೆ ಅಣ್ಣನಿಗೆ ಕ್ಷೇಮ ಕೇಳಿ ಕಾರ್ಡು ಹಾಕುತ್ತಿದ್ದರು. ಸ್ನೇಹದಲ್ಲಿ ಕೊನೆಯ ಆರು ತಿಂಗಳು ಕೆಟ್ಟಿತು, ಅದರ ಹಿಂದಿನದೆಲ್ಲ ಹಾಗೇ ಇದೆ ಎಂಬುದು ಅವರ ಲೆಕ್ಕ.

ನಲವತ್ತಾರನೇ ಇಸವಿಯಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಹೀಗೆ ಹೊರಗಿನಿಂದ ಪರೀಕ್ಷೆಗೆ ಕೂರುವ ಮೇಷ್ಟ್ರುಗಳಿಗೆ ಅನುಮತಿ ಕೊಡುವುದು ಬರುವ ವರ್ಷಕ್ಕೆ ಕೊನೆ ಎಂದು ಇಲಾಖೆ ತಿಳಿಸಿತು. ಇವರಿಗೆ ಬಿ.ಎ. ಆಗಬೇಕಾದರೆ ಉಳಿದದ್ದು ಅದೊಂದೇ ಸಲ. ಅದೇ ವಾರ ಅಣ್ಣನ ಕಾರ್ಡು ಬಂತು, ಭಾನುವಾರ ಮಾಲೂರಿಗೆ ಬರುತ್ತೇನೆ, ಅರ್ಥಶಾಸ್ತ್ರದ ವಿಷಯ ಮಾತಾಡುವುದಿದೆ ಎಂದು. ಇವರು ಆ ಕಾರ್ಡು ಹಿಡಿದುಕೊಂಡು ಅಡುಗೆ ಮನೆಯವರೆಗೂ ಬಂದರು. “ನೋಡಿದ್ಯಾ? ನಾನು ಹೇಳ್ಲಿಲ್ವಾ, ಬರ್ತಾನೆ ಅಂತ?” ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನಮ್ಮ ಮದುವೆಯ ದಿನವೂ ನೋಡಿರಲಿಲ್ಲ. ನನಗೂ ಒಂದು ಕ್ಷಣ, ಇರಬಹುದೇನೋ ಅನ್ನಿಸಿತು.

ಅಣ್ಣ ರೈಲಿನಲ್ಲಿ ಬಂದ. ಒಂದು ಬುಟ್ಟಿ ರಸಪುರಿ ಮಾವು ತಂದಿದ್ದ. ಮೈ ಬಂದಿತ್ತು, ಕೋಟು ಹಾಕಿದ್ದ. ನಾನು ಬುಟ್ಟಿ ಮುಟ್ಟಲಿಲ್ಲ. ಇವರೇ ಎತ್ತಿ ಒಳಗಿಟ್ಟರು. ಕೋಲಾರಕ್ಕೆ ಕಾಲೇಜು ಬರುತ್ತದೆ ಎಂಬ ಮಾತಿದೆ, ತನ್ನ ಹೆಸರು ಓಡಾಡುತ್ತಿದೆ, ಅರ್ಥಶಾಸ್ತ್ರದ ಪಾಠಗಳನ್ನು ಹೇಗೆ ಜೋಡಿಸಬೇಕು, ಯಾವುದು ಮೊದಲು ಯಾವುದು ಆಮೇಲೆ ಎಂದು ಒಂದು ಯೋಜನೆ ಮಾಡಿ ತೋರಿಸಬೇಕಾಗಿದೆ ಎಂದು ಅಣ್ಣ ಕಾಫಿ ಕುಡಿಯುತ್ತ ಹೇಳಿದ.

“ನಿನ್ನಷ್ಟು ಚೆನ್ನಾಗಿ ಅದನ್ನ ಯಾರು ಮಾಡ್ತಾರೋ ಮುನಿ? ಒಂದು ಸಲ ಕೂತು ಹಾಕ್ಕೊಡು.”

“ಅದಕ್ಕೇನಂತೆ, ಹಾಕ್ಕೊಡ್ತೀನಿ” ಎಂದರು ಇವರು. ಚಾಪೆಯ ಮೇಲೆ ಮುಂದಕ್ಕೆ ಸರಿದು ಕೂತರು. “ನೀನೂ ನನಗೊಂದು ಮಾಡ್ಕೊಡು. ಬರೋ ವರ್ಷ ನನಗೆ ಕೊನೇ ಸಲ. ನಿನ್ನ ಪಾಲಿಂದು ಅಲ್ಲಿಗೇ ನಿಂತೋಯ್ತಲ್ಲ, ಅದನ್ನ ಮುಗಿಸ್ಬಿಡು. ಹಳೇದೆಲ್ಲ ಬಿಡು, ಜಾಗ ಒಂದೇ ಇತ್ತು, ಆಗಿದ್ದಾಯ್ತು. ಭಾನುವಾರ ಭಾನುವಾರ ನಾನೇ ಕೋಲಾರಕ್ಕೆ ಬರ್ತೀನಿ.”

ಅಣ್ಣ ಲೋಟ ಕೆಳಗಿಟ್ಟ. ನನ್ನ ಕಡೆ ನೋಡಿದ, ಇವರ ಕಡೆ ನೋಡಿದ. ಆಮೇಲೆ ನಕ್ಕುಬಿಟ್ಟ.

“ಅಯ್ಯೋ, ನೀವಿಬ್ರೂ ಇಷ್ಟು ವರ್ಷ ಹಂಗ್ ತಿಳ್ಕೊಂಡಿದ್ದೀರಾ? ಆ ಕೆಲಸಕ್ಕೋಸ್ಕರ ನಾನು ಪಾಠ ಹೇಳ್ದೆ ಬಚ್ಚಿಟ್ಟೆ ಅಂತ? ಶಾಮಲಾ, ಅದಕ್ಕೇನಾ ನನ್ನ ಮುಖ ನೋಡಲ್ಲ ಅಂತ ಕೂತಿರೋದು?”

“ಮತ್ತೆ ಯಾಕಂತೆ?” ಎಂದೆ.

“ಲೇ, ಬಚ್ಚಿಡೋಕೆ ನನ್ನ ಹತ್ರ ಏನಿತ್ತೇ? ನಾನೆಲ್ಲಿ ಓದಿದ್ದೆ! ಆ ಪುಸ್ತಕ ತೆಗೆದು ನೋಡಿದ್ರೆ ತಲೆ ಸುತ್ತು ಬರೋದು. ಹೆಂಗೂ ಇವನು ಮೊದಲು ಹೇಳ್ತಾನೆ, ನೋಡ್ಕೊಳ್ಳೋಣ ಅಂತ ಸುಮ್ಮನಿದ್ದೆ. ದಸರೆ ಬಂದೇಬಿಡ್ತು. ಮುನ್ನುಡಿ ಓದ್ಕೊಂಡು ಎರಡು ವಾರ ಹೆಂಗೋ ತಳ್ಳಿದೆ. ಮೈಸೂರಲ್ಲಿ ಚಿಕ್ಕಮ್ಮ ಒಬ್ಬ ಮೇಷ್ಟ್ರನ್ನ ಗೊತ್ತು ಮಾಡಿದ್ಳು, ಅವರು ಬರೆದುಕೊಟ್ಟ ಉತ್ತರ ಬಾಯಿಪಾಠ ಹೊಡೆದು ಪಾಸಾದೆ. ಈಗ ಒಂದಕ್ಷರ ನೆನಪಿಲ್ಲ. ನನ್ನಲ್ಲಿ ಕಪಟ ಇರಲಿಲ್ಲ ಕಣೋ ಮುನಿ, ದೇವರಾಣೆ! ಇದ್ದಿದ್ರೆ ಕೊಡ್ತಿರ್ಲಿಲ್ವಾ?”

ಅವನು ಅದನ್ನು ತನ್ನ ಮೇಲಿನ ಆಪಾದನೆ ಕಳೆದುಕೊಳ್ಳಲು ಹೇಳಿದ! ಅದು ನನಗೆ ಇವತ್ತಿಗೂ ಅರಗುವುದಿಲ್ಲ. ಮುಖದಲ್ಲಿ ಒಂದಿಷ್ಟೂ ನಾಚಿಕೆ ಇಲ್ಲ. ಸತ್ಯ ಹೇಳಿ ಹಗುರಾದವನ ಹಾಗೆ ನಗುತ್ತ ಕೂತಿದ್ದ.

 ಇವರು ಮೆಲ್ಲಗೆ ಕೇಳಿದರು. “ಮೊದಲನೇ ವರ್ಷ? ಎಲ್ಲೀವರ್ಗೂ ಬಂತು ಅಂತ ನಾನು ಕೇಳ್ದಾಗೆಲ್ಲ ಹೇಳ್ತಿದ್ಯಲ್ಲ, ತೆರಿಗೆ ಮುಗೀತು, ಅಂಕಿಅಂಶ ಶುರು ಮಾಡ್ದೆ ಅಂತ?”

“ನೀನು ಕೇಳ್ತಿದ್ದೆ, ಏನೋ ಒಂದು ಹೇಳ್ಬೇಕಲ್ಲ.”

“ನಾನು ಯುಗಾದಿಯಿಂದ ಪಾಠ ಹೇಳುವಾಗ, ನಿನಗೆ ಗೊತ್ತಿತ್ತು. ನನಗೆ ಕೊಡೋಕೆ ಏನೂ ಇಲ್ಲ ಅಂತ.”

ಅಣ್ಣನ ನಗು ಆಗ ನಿಂತಿತು. “ಗೊತ್ತಿತ್ತು ಅಂದ್ರೆ… ಅಷ್ಟು ಯೋಚ್ನೆ ಯಾರು ಮಾಡಿದ್ರು ಬಿಡೋ.”

ನನಗೆ ತಡೆಯಲಾಗಲಿಲ್ಲ. “ಎದ್ದೇಳೋ” ಎಂದೆ. “ಎದ್ದು ಹೋಗು ನನ್ನ ಮನೆಯಿಂದ! ಆರು ವರ್ಷ ನಿನ್ನ ಪರವಾಗಿ ವಾದ ಮಾಡಿದ್ದಾರೆ ಈ ಮನುಷ್ಯ. ನಿನ್ನ ಪಾಲು ಅಂತ ಪುಸ್ತಕ ಮುಟ್ಟದೆ ಕೂತಿದ್ದಾರೆ. ಏನೂ ಇಲ್ಲದ ಪಾಲಿಗೆ ಕಾವಲು ಕಾಯಿಸಿದೆಯಲ್ಲೋ ಪಾಪಿ!” ಇನ್ನೂ ಏನೇನೋ ಅಂದೆ. ಪಕ್ಕದ ಮನೆಯ ದಿಲ್ಷಾದ್ ಬೀ ಗೋಡೆಯ ಮೇಲಿಂದ ಇಣುಕಿ ನೋಡುತ್ತಿದ್ದಳು. ನೋಡಲಿ ಎಂದುಕೊಂಡೆ. ಅಣ್ಣ ಕೋಟು ತೆಗೆದುಕೊಂಡು ಎದ್ದ. ಇವರು ತಡೆಯಲಿಲ್ಲ. ಬಾಗಿಲವರೆಗೆ ಹೋಗಿ ಬೀಳ್ಕೊಡಲಿಲ್ಲ. ಅವರು ಹಾಗೆ ಕೂತಲ್ಲೇ ಕೂತದ್ದು ನಾನು ಕಂಡಂತೆ ಅದೇ ಮೊದಲು.

ಅರ್ಜಿಯ ಗಡುವು ಮುಗಿಯಲು ಇನ್ನೂ ಸಮಯವಿತ್ತು. ಈಗಲಾದರೂ ಅದು ಯಾರ ಪಾಲೂ ಅಲ್ಲ, ನೀವೇ ಓದಬಹುದು ಎಂದು ಹೇಳೋಣವೆಂದು ನಾನು ಅವರ ಎದುರಿಗೆ ಹೋಗಿ ಕೂತೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಅಷ್ಟು ವರ್ಷದಲ್ಲಿ ಒಂದು ದಿನವೂ ನನ್ನನ್ನು ಹಾಗೆ ನೋಡಿದವರಲ್ಲ.

“ಶಾಮಲಾ, ನೀನೂ ಆ ಮನೆಯಲ್ಲೇ ಇದ್ದೆಯಲ್ಲ. ಬಾಗಿಲ ಒಳಗೇ ಕೂತಿರ್ತಿದ್ದೆ. ಅವನು ಓದ್ತಿಲ್ಲ ಅಂತ ನಿನಗೆ ಗೊತ್ತಿತ್ತಾ?”

“ಇಲ್ಲ ರೀ” ಎಂದೆ. ಅಣ್ಣ ಓದುತ್ತೇನೆಂದು ಪುಸ್ತಕ ಹಿಡಿದು ತೋಪಿನ ಮನೆಗೆ ಹೋಗುತ್ತಿದ್ದ, ಅಲ್ಲಿ ಏನು ಮಾಡುತ್ತಿದ್ದನೋ ನಾವ್ಯಾರೂ ನೋಡಿದವರಲ್ಲ ಎಂದೆ. ಮಕ್ಕಳ ಮೇಲೆ ಆಣೆ ಮಾಡಿದೆ. ಅತ್ತುಬಿಟ್ಟೆ.

“ಹೂಂ” ಎಂದರು. ಎದ್ದು ಅಂಗಳಕ್ಕೆ ಹೋದರು.

ಅವರು ಆ ಕೊನೆಯ ಸಲವೂ ಪರೀಕ್ಷೆಗೆ ಕೂರಲಿಲ್ಲ. ಆ ಪ್ರಶ್ನೆಯನ್ನು ಮತ್ತೆಂದೂ ಕೇಳಲಿಲ್ಲ, ನನ್ನ ಜೊತೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಬಿ.ಎ. ಹೋದದ್ದನ್ನು ನಾನು ಹೇಗೋ ನುಂಗಿಕೊಂಡೆ. ಆದರೆ ಆ ‘ಹೂಂ’ ನಂಬಿ ಅಂದದ್ದೋ ನಂಬದೆ ಅಂದದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ.